ಬೆಕ್ಕು, ಇಲಿ ಮತ್ತು ಮೂರನೆಯವನು

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಗಾದೆಯನ್ನು ಕಟ್ಟಿದ ಹಿರಿಯರು ಕಣ್ಣಿಗೆ ಕಾಣುವ ಎರಡು ಪ್ರಾಣಿಗಳನ್ನಷ್ಟೇ ಬಲ್ಲವರಾಗಿದ್ದರು. ಆ ಆಟದಲ್ಲಿ ಕಣ್ಣಿಗೆ ಕಾಣದ ಮೂರನೆಯವನೊಬ್ಬನು ಇದ್ದಾನೆಂಬುದು, ಅವನಿಗೆ ಬೆಕ್ಕೂ ಬೇಕು, ಇಲಿಯೂ ಬೇಕು ಎಂಬುದು, ಬೆಕ್ಕು ಇಲಿಯನ್ನು ಹಿಡಿದು ತಿನ್ನುವ ಗಳಿಗೆಯೇ ಅವನ ಪಾಲಿಗೆ ಶುಭಮುಹೂರ್ತವೆಂಬುದು ಇಪ್ಪತ್ತನೆಯ ಶತಮಾನದಲ್ಲಷ್ಟೇ ಬಯಲಾಯಿತು. ಅವನಿಗೆ ವಿಜ್ಞಾನಿಗಳು ಇಟ್ಟ ಹೆಸರು ಟಾಕ್ಸೊಪ್ಲಾಸ್ಮ ಗೊಂಡಿಯೈ. ಅದೊಂದು ಏಕಕೋಶದ ಪರೋಪಜೀವಿ. ಅಂದರೆ ಇನ್ನೊಂದು ಪ್ರಾಣಿಯ ಜೀವಕೋಶದೊಳಗೆ ಹೊಕ್ಕು, ಅಲ್ಲಿಯೇ ಉಂಡು, ಅಲ್ಲಿಯೇ ಮರಿಮಾಡಿ ಬಾಳುವ ಜೀವಿ. ಅದರ ಉದ್ದ ಒಂದು ಮಿಲಿಮೀಟರಿನ ಸುಮಾರು ನೂರೈವತ್ತರಲ್ಲೊಂದು ಪಾಲು.

ಈ ಸೂಕ್ಷ್ಮಜೀವಿಯಲ್ಲಿ ಹಲವು ತಳಿಗಳುಂಟು. ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಭೇದ ತೋರುವುದಿಲ್ಲ. ಒಡಹುಟ್ಟಿದವರಂತೆ ಎಲ್ಲವೂ ಒಂದೇ ರೂಪ. ಆದರೆ ನಡತೆಯಲ್ಲಿ ಮಾತ್ರ ಅಜಗಜಾಂತರ. ಒಂದು ತಳಿಯ ಒಂದೇ ಒಂದು ಕಣವನ್ನು ಪ್ರಯೋಗಶಾಲೆಯ ಇಲಿಯ ಮೈಯೊಳಕ್ಕೆ ಸೇರಿಸಿದರೂ ಇಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಮತ್ತೊಂದು ತಳಿಯ ಲಕ್ಷದಷ್ಟು ಕಣಗಳನ್ನು ಸೇರಿಸಿದರೂ ಇಲಿ ನಾಲ್ಕು ದಿನ ಮಂಕಾಗಿದ್ದು ಮತ್ತೆ ಎಂದಿನಂತೆ ಓಡಾಡತೊಡಗುತ್ತದೆ. ಒಂದೇ ವಂಶದಲ್ಲಿ ಹುಟ್ಟಿದವುಗಳಲ್ಲಿ ಒಂದು ಯಮದೂತನೂ ಇನ್ನೊಂದು ಸಾಧುವೂ ಆದದ್ದು ಹೇಗೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದ ವಿಜ್ಞಾನಿಗಳು ಕೊನೆಗೆ ತಲುಪಿದ ಸ್ಥಳಗಳಲ್ಲೊಂದು ಮೈಸೂರಿಗೆ ಬಹು ಸಮೀಪದ್ದು. ಆ ಕಥೆಯನ್ನು ಮೊದಲಿನಿಂದಲೇ ನೋಡುವುದು ಲೇಸು.

ಬಿಲ್ಲಿನಂತೆ ಬಾಗಿದ ಜೀವಿ

೧೯೦೮ನೆಯ ಇಸವಿಯಲ್ಲಿ ಉತ್ತರ ಆಫ್ರಿಕದ ಟ್ಯೂನಿಸ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಷಾರ್ಲ್ ನಿಕೋಲ್ ಮತ್ತು ಲೂಯಿ ಮಾನ್ಸೋ ಎಂಬ ಫ್ರೆಂಚ್ ವಿಜ್ಞಾನಿಗಳು, 'ಗೊಂಡಿ' ಎಂದು ಅವರು ಕರೆಯುತ್ತಿದ್ದ ಇಲಿಯ ಜಾತಿಯ ಒಂದು ಪ್ರಾಣಿಯಲ್ಲಿ ಈ ಜೀವಿಯನ್ನು ಕಂಡರು. ಅದೇ ವರ್ಷ ಬ್ರೆಜಿಲ್ ದೇಶದ ಸಾವೊ ಪೌಲೊ ನಗರದಲ್ಲಿ ಅಲ್ಫೋನ್ಸೊ ಸ್ಪ್ಲೆಂಡೋರೆ ಎಂಬವರು ಒಂದು ಮೊಲದಲ್ಲಿ ಅದನ್ನೇ ಕಂಡರು. ಎರಡು ಖಂಡಗಳಲ್ಲಿ ಒಂದೇ ವರ್ಷ ನಡೆದ ಈ ಶೋಧ ಕಾಕತಾಳೀಯವೇ ಸರಿ. ಬಿಲ್ಲಿನಂತೆ ಬಾಗಿದ್ದ ಅದರ ಆಕಾರವನ್ನು ನೋಡಿ, ಬಿಲ್ಲು ಎಂಬ ಅರ್ಥದ ಗ್ರೀಕ್ ಪದದಿಂದ ನಿಕೋಲ್ ಮತ್ತು ಮಾನ್ಸೋ ೧೯೦೯ರಲ್ಲಿ ಅದಕ್ಕೆ ಹೆಸರಿಟ್ಟರು. ಆಗ ಅದು ಪ್ರಾಣಿಶಾಸ್ತ್ರಜ್ಞರ ಕುತೂಹಲದ ವಸ್ತು ಮಾತ್ರವಾಗಿತ್ತು.

ಮೂವತ್ತು ವರ್ಷಗಳ ಬಳಿಕ ಆ ಕುತೂಹಲ ಕಳವಳಕ್ಕೆ ತಿರುಗಿತು. ನ್ಯೂಯಾರ್ಕಿನಲ್ಲಿ ಹುಟ್ಟಿ ಒಂದೇ ತಿಂಗಳು ಬದುಕಿದ ಒಂದು ಹಸುಗೂಸಿನ ಮಿದುಳಿನಲ್ಲಿ ಅದೇ ಜೀವಿ ಇದ್ದುದನ್ನು ವುಲ್ಫ್, ಕೋವೆನ್ ಮತ್ತು ಪೇಜ್ ಎಂಬ ಮೂವರು ವೈದ್ಯರು ೧೯೩೯ರಲ್ಲಿ ಪ್ರಕಟಿಸಿದರು. ಮಗು ಹುಟ್ಟುವ ಮುನ್ನವೇ, ತಾಯಿಯ ಗರ್ಭದಲ್ಲಿಯೇ, ಆ ಜೀವಿ ಅದನ್ನು ಸೇರಿತ್ತು. ತಾಯಿಯಲ್ಲಿ ರೋಗದ ಸುಳಿವು ಕಾಣದಿದ್ದರೂ ಮಗುವಿಗೆ ಮಾರಕವಾಗುವ ಇಂಥ ಒಂದು ಸೋಂಕು ಉಂಟೆಂಬ ಸಂಗತಿ ವೈದ್ಯಲೋಕವನ್ನು ಎಚ್ಚರಿಸಿತು.

ಅದೇ ಕಾಲದಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಆರು ವರ್ಷದ ಬಾಲಕನೊಬ್ಬನು ಮಿದುಳಿನ ಉರಿಯೂತದಿಂದ ತೀರಿಕೊಂಡನು. ಮುಂದೆ ಪೋಲಿಯೊ ರೋಗಕ್ಕೆ ಬಾಯಿಗೆ ಹಾಕುವ ಲಸಿಕೆಯನ್ನು ರೂಪಿಸಿ ಜಗತ್ತಿನ ಮಕ್ಕಳಿಗೆಲ್ಲ ಉಪಕಾರ ಮಾಡಿದ ಆಲ್ಬರ್ಟ್ ಸೇಬಿನ್ ಆಗ ಆ ಊರಿನಲ್ಲಿದ್ದರು. ಬಾಲಕನ ಮಿದುಳಿನಿಂದ ಅವರು ಪರೋಪಜೀವಿಯನ್ನು ಬೇರ್ಪಡಿಸಿ ಇಲಿಗಳಲ್ಲಿ ಬೆಳೆಸಿದರು. ಬಾಲಕನ ಹೆಸರಿನ ಮೊದಲಕ್ಷರಗಳಿಂದ ಆ ತಳಿಗೆ 'ಆರ್.ಎಚ್.' ಎಂಬ ಹೆಸರು ನಿಂತಿತು. ಮೊದಮೊದಲು ಇಲಿಗಳನ್ನು ಕೊಲ್ಲಲು ವಾರಗಳನ್ನೇ ತೆಗೆದುಕೊಳ್ಳುತ್ತಿದ್ದ ಆ ತಳಿ, ಇಲಿಯಿಂದ ಇಲಿಗೆ ದಾಟುತ್ತ ದಾಟುತ್ತ ಕೆಲವೇ ದಿನಗಳಲ್ಲಿ ಕೊಲ್ಲುವಷ್ಟು ಉಗ್ರವಾಯಿತು. ಪ್ರಪಂಚದ ನಾನಾ ಪ್ರಯೋಗಶಾಲೆಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಒಬ್ಬ ತಾಯಿ ಕಳೆದುಕೊಂಡ ಮಗನ ಹೆಸರು ಹೀಗೆ ಎರಡು ಅಕ್ಷರವಾಗಿ ವಿಜ್ಞಾನದ ಗ್ರಂಥಗಳಲ್ಲಿ ಉಳಿದಿದೆ.

ಬೆಕ್ಕಿನ ಹೊಟ್ಟೆಯೇ ತವರು

ಈ ಜೀವಿಯ ಬಾಳಿನ ಸುತ್ತು ಪೂರ್ತಿಯಾಗಿ ತಿಳಿದದ್ದು ೧೯೭೦ರಲ್ಲಿ. ಸ್ಕಾಟ್ಲೆಂಡಿನ ವಿಲಿಯಂ ಹಚಿಸನ್, ಅಮೆರಿಕದ ಜೇಕಬ್ ಫ್ರೆಂಕೆಲ್, ಅವರೊಡನೆ ದುಡಿದ ಭಾರತೀಯ ಸಂಜಾತ ವಿಜ್ಞಾನಿ ಜಿತೇಂದರ್ ದುಬೆ ಮೊದಲಾದವರು ಆ ರಹಸ್ಯವನ್ನು ಬಿಡಿಸಿದರು. ಗಂಡು ಹೆಣ್ಣು ರೂಪಗಳನ್ನು ತಾಳಿ ಈ ಜೀವಿ ಕೂಡುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಅಲ್ಲಿ ಹುಟ್ಟಿದ ಗಟ್ಟಿಕವಚದ ಬೀಜಕೋಶಗಳು ಬೆಕ್ಕಿನ ಮಲದೊಡನೆ ಲಕ್ಷೋಪಲಕ್ಷವಾಗಿ ಹೊರಬಿದ್ದು ಮಣ್ಣಿನಲ್ಲಿ, ನೀರಿನಲ್ಲಿ, ಸೊಪ್ಪುಸದೆಯ ಮೇಲೆ ಸೇರುತ್ತವೆ. ತೇವವಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೆಡದೆ ಕಾಯುತ್ತವೆ. ಅದನ್ನು ಇಲಿಯೋ ಹಕ್ಕಿಯೋ ಕುರಿಯೋ ಮನುಷ್ಯನೋ ನುಂಗಿದರೆ ಪರೋಪಜೀವಿ ಆ ದೇಹವನ್ನು ಹೊಕ್ಕು ಬೇಗಬೇಗನೆ ಬೆಳೆಯುತ್ತದೆ. ದೇಹದ ರಕ್ಷಣಾಶಕ್ತಿ ಎದ್ದು ನಿಂತಾಗ ಮಿದುಳಿನಲ್ಲಿ, ಮಾಂಸಖಂಡಗಳಲ್ಲಿ ಸಣ್ಣ ಗೂಡುಗಳನ್ನು ಕಟ್ಟಿಕೊಂಡು ಅಡಗಿ ಕುಳಿತುಕೊಳ್ಳುತ್ತದೆ. ಅಂಥ ಇಲಿಯನ್ನು ಬೆಕ್ಕು ತಿಂದಾಗ ಮತ್ತೆ ತವರಿನ ಬಾಗಿಲು ತೆರೆಯುತ್ತದೆ.

ಇಲ್ಲೊಂದು ಸೂಕ್ಷ್ಮವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಗೂಡು ಕಟ್ಟಲು ಕಾಲಾವಕಾಶ ಬೇಕು. ಅಷ್ಟರಲ್ಲಿಯೇ ಇಲಿ ಸತ್ತುಬಿದ್ದರೆ ಅದರೊಡನೆ ಪರೋಪಜೀವಿಯೂ ನಾಶವಾಗುವ ಸಂಭವವೇ ಹೆಚ್ಚು. ತಾನು ಕುಳಿತ ಕೊಂಬೆಯನ್ನೇ ಕಡಿಯುವವನನ್ನು ಲೋಕ ಜಾಣನೆಂದು ಕರೆಯುವುದಿಲ್ಲ. ಹಾಗಿರುವಾಗ, ಆಶ್ರಯ ಕೊಟ್ಟ ಇಲಿಯನ್ನು ಅಷ್ಟು ಬೇಗ ಕೊಲ್ಲುವ ಉಗ್ರ ತಳಿ ಪ್ರಕೃತಿಯಲ್ಲಿ ಉಳಿದು ಬಂದದ್ದಾದರೂ ಹೇಗೆ? ಈ ಸಂದೇಹ ಬಹುಕಾಲ ವಿಜ್ಞಾನಿಗಳನ್ನು ಕಾಡಿತು.

ಮೂರು ಮನೆತನಗಳು

೧೯೯೨ರಲ್ಲಿ ಡೇವಿಡ್ ಸಿಬ್ಲಿ ಮತ್ತು ಜಾನ್ ಬೂಥ್ರಾಯ್ಡ್ ಎಂಬ ಅಮೆರಿಕದ ವಿಜ್ಞಾನಿಗಳು, ಬೇರೆ ಬೇರೆ ಕಡೆಗಳಿಂದ ತಂದ ಉಗ್ರ ತಳಿಗಳೆಲ್ಲವೂ ಒಂದೇ ಮೂಲದಿಂದ ಕವಲೊಡೆದವು ಎಂದು ತೋರಿಸಿದರು. ೧೯೯೫ರಲ್ಲಿ ಡೇನಿಯಲ್ ಹೌ ಮತ್ತು ಸಿಬ್ಲಿ ೧೦೬ ಮಾದರಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಬಹುಪಾಲು ಮೂರೇ ಮನೆತನಗಳಿಗೆ ಸೇರಿದ್ದುವು. ಒಂದನೆಯದು ಇಲಿಗಳ ಪಾಲಿಗೆ ಮೃತ್ಯು; ಸೇಬಿನ್ನರ ಆರ್.ಎಚ್. ಈ ಮನೆತನದ್ದು. ಎರಡನೆಯದು ಮಧ್ಯಮ. ಮೂರನೆಯದು ಸೌಮ್ಯ. ಮೂರರ ಆನುವಂಶಿಕ ಲಿಪಿಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಅಂತರ ನೂರಕ್ಕೆ ಒಂದರಷ್ಟು ಮಾತ್ರ. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಸಾವು ಬದುಕಿನ ಅಂತರ ಅಡಗಿತ್ತು.

ಅದನ್ನು ಹುಡುಕಲು ವಿಜ್ಞಾನಿಗಳು ಬೆಕ್ಕಿನ ಮೊರೆಯನ್ನೇ ಹೊಕ್ಕರು. ಎರಡು ತಳಿಗಳನ್ನು ಒಂದೇ ಬೆಕ್ಕಿನ ಕರುಳಿನಲ್ಲಿ ಕೂಡಿಸಿ, ಹುಟ್ಟಿದ ಸಂತಾನದಲ್ಲಿ ಯಾವುದು ಉಗ್ರ, ಯಾವುದು ಸೌಮ್ಯ ಎಂದು ಒಂದೊಂದಾಗಿ ಪರೀಕ್ಷಿಸಿದರು. ತೋಟದ ಬಟಾಣಿ ಗಿಡಗಳಲ್ಲಿ ಮೆಂಡೆಲ್ ಮಾಡಿದ್ದೂ ಇಂಥ ಕೆಲಸವೇ. ೨೦೦೬ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಬೂಥ್ರಾಯ್ಡರ ತಂಡ, ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಿಂದ ಸಿಬ್ಲಿಯವರ ತಂಡ, ಬೇರೆ ಬೇರೆ ದಾರಿಯಲ್ಲಿ ಹೊರಟು ಒಂದೇ ಗುರಿಯನ್ನು ಮುಟ್ಟಿದವು. ಇಬ್ಬರ ಬೆರಳೂ ತೋರಿಸಿದ್ದು ಒಂದೇ ಪ್ರೋಟೀನಿನ ಕಡೆಗೆ. ಅದರ ಹೆಸರು 'ರೋಪ್-೧೮'. ಸೌಮ್ಯವಾದ ಮೂರನೆಯ ತಳಿಯಲ್ಲಿ ಈ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಉಗ್ರ ತಳಿಯ ರೋಪ್-೧೮ ಜೀನನ್ನು ತಂದು ಅದಕ್ಕೆ ಸೇರಿಸಿದೊಡನೆಯೇ, ಅದುವರೆಗೆ ಸಾಧುವಾಗಿದ್ದ ತಳಿ ಇಲಿಗಳನ್ನು ಕೊಲ್ಲತೊಡಗಿತು.

ಒಂದು ಮೊಹರಿನ ಮಹಿಮೆ

ರೋಪ್-೧೮ ಮಾಡುವ ಕೆಲಸವನ್ನು ತಿಳಿಯಬೇಕಾದರೆ ಪ್ರೋಟೀನುಗಳ ವಿಷಯದಲ್ಲಿ ಒಂದೆರಡು ಮಾತು ಅಗತ್ಯ. ಊಟದಲ್ಲಿ ಬೇಳೆ, ಹಾಲು, ಮೊಟ್ಟೆಗಳಿಂದ ದೊರೆಯುವ ಪೋಷಕಾಂಶವೆಂದು ಪ್ರೋಟೀನಿನ ಹೆಸರು ಮನೆಮನೆಗೂ ಗೊತ್ತು. ಆದರೆ ಜೀವಕೋಶದೊಳಗೆ ಪ್ರೋಟೀನು ಎಂದರೆ ಕೆಲಸಗಾರ. ಅಮೈನೊ ಆಮ್ಲಗಳೆಂಬ ಮಣಿಗಳನ್ನು ಒಂದರ ಹಿಂದೊಂದು ಪೋಣಿಸಿದ ಸರ ಅದು. ಸರ ಮಡಿಚಿಕೊಂಡು ಒಂದು ಗೊತ್ತಾದ ಆಕಾರವನ್ನು ತಾಳಿದಾಗ ಕೆಲಸಕ್ಕೆ ಸಿದ್ಧವಾಗುತ್ತದೆ. ಸರವನ್ನು ಪೋಣಿಸಿ ಮುಗಿಸಿದ ಮೇಲೆಯೂ ಜೀವಕೋಶ ಅದರ ಒಂದೊಂದು ಮಣಿಗೆ ಸಣ್ಣ ಸಣ್ಣ ರಾಸಾಯನಿಕ ತುಣುಕುಗಳನ್ನು ಅಂಟಿಸುವುದುಂಟು, ಕೀಳುವುದುಂಟು. ಇದೇ ಪ್ರೋಟೀನಿನ ಮಾರ್ಪಾಟು.

ಕಛೇರಿಯಲ್ಲಿ ಬರೆದ ಆಜ್ಞಾಪತ್ರವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಬರಹದಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಅದರ ಮೇಲೆ ಯಾವ ಮೊಹರು ಬಿತ್ತೆಂಬುದರ ಮೇಲೆ ಅದು ಜಾರಿಯಾಗುವುದೋ ರದ್ದಾಗುವುದೋ ನಿಂತಿರುತ್ತದೆ. ಜೀವಕೋಶದಲ್ಲಿ ಬಹಳ ಬಳಕೆಯಲ್ಲಿರುವ ಮೊಹರು ಫಾಸ್ಫೇಟ್. ರಂಜಕದ ಒಂದು ಪರಮಾಣು, ಅದರ ಸುತ್ತ ಆಮ್ಲಜನಕದ ಕೆಲವು ಪರಮಾಣುಗಳು. ಗಾತ್ರದಲ್ಲಿ ಅತ್ಯಲ್ಪವಾದರೂ ಅದು ಋಣವಿದ್ಯುತ್ತನ್ನು ಹೊತ್ತಿರುವುದರಿಂದ, ಅಂಟಿದ ಜಾಗದಲ್ಲಿ ಪ್ರೋಟೀನಿನ ನಡವಳಿಕೆಯೇ ಬದಲಾಗಬಲ್ಲದು. ಈ ಮೊಹರನ್ನು ಒತ್ತುವ ಕಿಣ್ವಗಳಿಗೆ 'ಕೈನೇಸ್' ಎಂದು ಹೆಸರು. ರೋಪ್-೧೮ ಇಂಥದೊಂದು ಕೈನೇಸ್. ವಿಶೇಷವೆಂದರೆ, ಅದು ಮೊಹರು ಒತ್ತುವುದು ತನ್ನ ಮನೆಯ ಕಾಗದದ ಮೇಲಲ್ಲ, ಇಲಿಯ ಮನೆಯ ಕಾಗದದ ಮೇಲೆ!

ಪರೋಪಜೀವಿ ಇಲಿಯ ಜೀವಕೋಶವನ್ನು ಹೊಕ್ಕಾಗ ತನ್ನ ಸುತ್ತ ತೆಳುಪೊರೆಯ ಒಂದು ಗುಳ್ಳೆಯನ್ನು ಮಾಡಿಕೊಂಡು ಅದರೊಳಗೆ ಕುಳಿತುಕೊಳ್ಳುತ್ತದೆ. ಇಲಿಯೇನೂ ಕೈಕಟ್ಟಿ ಕೂಡುವುದಿಲ್ಲ. ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ದ್ರವ್ಯ ದೇಹದಲ್ಲಿ ಹರಡಿದೊಡನೆ ಜೀವಕೋಶಗಳು 'ಐ.ಆರ್.ಜಿ.' ಎಂಬ ಕಾವಲುಗಾರ ಪ್ರೋಟೀನುಗಳ ಪಡೆಯನ್ನು ಸಿದ್ಧಪಡಿಸುತ್ತವೆ. ಈ ಕಾವಲುಗಾರರು ಗುಂಪುಗೂಡಿ ಬಂದು ಗುಳ್ಳೆಯನ್ನು ಮುತ್ತಿ, ಅದರ ಪೊರೆಯನ್ನು ಹರಿದುಹಾಕುತ್ತಾರೆ. ಗುಳ್ಳೆ ಒಡೆದರೆ ಪರೋಪಜೀವಿಯ ಕಥೆ ಮುಗಿದಂತೆಯೇ. ಸೌಮ್ಯ ತಳಿಗಳ ಪಾಡು ಇಲಿಯಲ್ಲಿ ಹೀಗಾಗುತ್ತದೆ. ಎಲ್ಲೋ ಕೆಲವು ಮಾತ್ರ ತಪ್ಪಿಸಿಕೊಂಡು ಗೂಡು ಕಟ್ಟಿಕೊಳ್ಳುತ್ತವೆ.

ಉಗ್ರ ತಳಿಯ ಉಪಾಯವೇ ಬೇರೆ. ಪರೋಪಜೀವಿಯ ಮೂತಿಯ ಬಳಿ ಗದೆಯಾಕಾರದ ಚೀಲಗಳಿವೆ. ಕೋಶವನ್ನು ಹೊಗುವ ಸಮಯದಲ್ಲಿಯೇ ಅದು ಆ ಚೀಲಗಳಲ್ಲಿದ್ದ ರೋಪ್-೧೮ನ್ನು ಒಳಕ್ಕೆ ಸುರಿಯುತ್ತದೆ. ಆ ಪ್ರೋಟೀನು ಹೋಗಿ ಗುಳ್ಳೆಯ ಹೊರಮೈಗೆ ಅಂಟಿಕೊಂಡು, ಬಂದ ಕಾವಲುಗಾರರ ಮೇಲೆ ಫಾಸ್ಫೇಟಿನ ಮೊಹರನ್ನು ಒತ್ತುತ್ತದೆ. ೨೦೧೦ರಲ್ಲಿ ಸಿಬ್ಲಿಯವರ ತಂಡವೂ ಜರ್ಮನಿಯ ಕಲೋನ್ ನಗರದ ಜೊನಾಥನ್ ಹೋವರ್ಡರ ತಂಡವೂ ಇದನ್ನು ಸ್ಪಷ್ಟಪಡಿಸಿದವು. ಮೊಹರು ಬೀಳುವ ಜಾಗವನ್ನೂ ಕಲೋನಿನವರು ಗುರುತಿಸಿದರು. ಕಾವಲುಗಾರರಲ್ಲಿ ಒಂದಾದ 'ಇರ್ಗಾ-೬' ಎಂಬ ಪ್ರೋಟೀನಿನ ಸರದಲ್ಲಿ ೧೦೨ನೆಯ ಮತ್ತು ೧೦೮ನೆಯ ಮಣಿಗಳು ಥ್ರಿಯೋನೀನ್ ಎಂಬ ಅಮೈನೊ ಆಮ್ಲದವು. ಕಾವಲುಗಾರನು ತನಗೆ ಶಕ್ತಿಯನ್ನು ಕೊಡುವ ಅಣುವನ್ನು ಹಿಡಿದು ಒಡೆಯುವ ಜಾಗ ಅಲ್ಲಿಯೇ ಇದೆ. ಅಲ್ಲಿ ಮೊಹರು ಬಿತ್ತೆಂದರೆ ಕಾವಲುಗಾರನ ಕೈ ಸೋತುಹೋಗುತ್ತದೆ. ಗುಳ್ಳೆ ಒಡೆಯುವುದಿಲ್ಲ, ಪರೋಪಜೀವಿ ಬೆಳೆಯುತ್ತದೆ, ಇಲಿ ಸಾಯುತ್ತದೆ. ಮಾರಿಯಂತೆ ತೋರಿದ ಉಗ್ರತೆಯ ಮೂಲದಲ್ಲಿ ಇಂಥ ಒಂದೆರಡು ಅಣುಗಳ ಅಂಟು ಇತ್ತು.

ಜರಾಸಂಧನ ಎರಡು ಹೋಳು

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಮಧ್ಯಮವಾದ ಎರಡನೆಯ ತಳಿಯಲ್ಲಿಯೂ ರೋಪ್-೧೮ ಕೆಲಸ ಮಾಡುತ್ತದೆ. ಆದರೂ ಅದು ಮೊದಲನೆಯದರಷ್ಟು ಉಗ್ರವಲ್ಲ. ಏಕೆ? ಉತ್ತರ ೨೦೧೧ರಲ್ಲಿ ದೊರೆಯಿತು. 'ರೋಪ್-೫' ಎಂಬ ಇನ್ನೊಂದು ಪ್ರೋಟೀನು ಬೆಳಕಿಗೆ ಬಂತು. ನೋಡಲು ಇದೂ ಕೈನೇಸಿನಂತೆಯೇ ಇದೆ. ಆದರೆ ಮೊಹರೊತ್ತುವ ಶಕ್ತಿಯನ್ನು ಕಳೆದುಕೊಂಡಿದೆ. ಕೆಲಸವಿಲ್ಲದ ಕೈನೇಸಿಗೇನು ಕೆಲಸ? ಅದು ಕಾವಲುಗಾರನ ರಟ್ಟೆಯನ್ನು ಹಿಡಿದು ನಿಲ್ಲಿಸುತ್ತದೆ. ರೋಪ್-೧೮ ಬಂದು ಮೊಹರು ಒತ್ತುತ್ತದೆ. ಹಿಡಿಯುವವನಿಲ್ಲದಿದ್ದರೆ ಒತ್ತುವವನ ಆಟ ಸಾಗದು. ಒತ್ತುವವನಿಲ್ಲದಿದ್ದರೆ ಹಿಡಿದವನ ಹಿಡಿತ ಸಾಲದು.

ಎರಡನೆಯ ತಳಿಯಲ್ಲಿ ಒತ್ತುವವನಿದ್ದಾನೆ, ಹಿಡಿಯುವವನು ದುರ್ಬಲ. ಮೂರನೆಯ ತಳಿಯಲ್ಲಿ ಹಿಡಿಯುವವನು ಬಲಶಾಲಿ, ಒತ್ತುವವನಿಲ್ಲ. ಮೊದಲನೆಯ ತಳಿಯಲ್ಲಿ ಇಬ್ಬರೂ ಸಮರ್ಥರು. ಆದ್ದರಿಂದಲೇ, ಎರಡನೆಯ ಮತ್ತು ಮೂರನೆಯ ತಳಿಗಳನ್ನು ಬೆಕ್ಕಿನ ಕರುಳಿನಲ್ಲಿ ಕೂಡಿಸಿದಾಗ, ತಂದೆ ತಾಯಿ ಇಬ್ಬರಿಗಿಂತಲೂ ಎಷ್ಟೋ ಪಾಲು ಉಗ್ರವಾದ ಕೆಲವು ಸಂತಾನಗಳು ಹುಟ್ಟಿದ್ದುವು. ಎರಡು ಹೋಳಾಗಿ ಹುಟ್ಟಿದ ಶಿಶು ನಿರ್ಜೀವವಾಗಿದ್ದು, ಜರೆ ಎಂಬ ರಕ್ಕಸಿ ಎರಡನ್ನೂ ಜೋಡಿಸಿದೊಡನೆ ಮಹಾಬಲನಾದ ಜರಾಸಂಧನ ಕಥೆಯನ್ನು ಬಲ್ಲವರಿಗೆ ಇದು ಅಚ್ಚರಿ ಎನಿಸಲಾರದು.

ಮಸಿನಗುಡಿಯ ಇಲಿ

ಈಗ ಹಳೆಯ ಸಂದೇಹಕ್ಕೆ ಮರಳಬೇಕು. ಇಲಿಯನ್ನು ಬೇಗನೆ ಕೊಂದು ತನ್ನ ದಾರಿಯನ್ನೂ ಮುಚ್ಚಿಕೊಳ್ಳುವ ಉಗ್ರ ತಳಿಯನ್ನು ಪ್ರಕೃತಿ ಏಕೆ ಉಳಿಸಿಕೊಂಡಿತು?

ಪ್ರಯೋಗಶಾಲೆಯ ಇಲಿಗಳು ಮನುಷ್ಯನು ಹಲವು ತಲೆಮಾರುಗಳಿಂದ ಪೆಟ್ಟಿಗೆಗಳಲ್ಲಿ ಸಾಕಿ, ಒಡಹುಟ್ಟಿದವುಗಳನ್ನೇ ಕೂಡಿಸಿ ಬೆಳೆಸಿದ ಇಲಿಗಳು. ಅವು ಜಗತ್ತಿನ ಇಲಿಗಳೆಲ್ಲದರ ಪ್ರತಿನಿಧಿಗಳಲ್ಲ. ಹೋವರ್ಡರ ತಂಡ ಪೆಟ್ಟಿಗೆಯ ಇಲಿಗಳನ್ನು ಬದಿಗಿಟ್ಟು ಹೊರಗಿನ ಇಲಿಗಳ ವಂಶಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 'ಸಿ.ಐ.ಎಂ.' ಎಂಬ ವಂಶವೊಂದಿತ್ತು. ಅದರ ಪೂರ್ವಜರನ್ನು ಹಿಡಿದು ತಂದದ್ದು ನೀಲಗಿರಿಯ ತಪ್ಪಲಿನ ಮಸಿನಗುಡಿಯಿಂದ. ಮೈಸೂರಿನಿಂದ ಬಂಡೀಪುರದ ಕಾಡನ್ನು ಹಾದು ಉದಕಮಂಡಲಕ್ಕೆ ಹೋಗುವ ಪ್ರವಾಸಿಗಳಿಗೆ ಆ ಊರಿನ ಹೆಸರು ಹೊಸದಲ್ಲ. ಆ ಊರಿನ ಇಲಿಯ ಮರಿಮಕ್ಕಳಿಗೆ, ಪ್ರಯೋಗಶಾಲೆಯ ಇಲಿಯನ್ನು ಒಂದೇ ಕಣದಿಂದ ಕೊಲ್ಲಬಲ್ಲ ಉಗ್ರ ತಳಿಯನ್ನು ಚುಚ್ಚಿದರು. ಇಲಿಗಳು ಸಾಯಲಿಲ್ಲ!

೨೦೧೩ರಲ್ಲಿ ಪ್ರಕಟವಾದ ಈ ಶೋಧ ಅದರ ಕಾರಣವನ್ನೂ ತಿಳಿಸಿತು. ಮಸಿನಗುಡಿಯ ವಂಶದ ಐ.ಆರ್.ಜಿ. ಪಡೆಯಲ್ಲಿ ವಿಶಿಷ್ಟನಾದ ಒಬ್ಬ ಕಾವಲುಗಾರನಿದ್ದಾನೆ. ಇಬ್ಬರನ್ನು ಬೆನ್ನಿಗೆ ಬೆನ್ನು ಕಟ್ಟಿ ಒಬ್ಬನನ್ನಾಗಿ ಮಾಡಿದಂಥ ಜೋಡಿ ಪ್ರೋಟೀನು. ಅದು ಗುಳ್ಳೆಯ ಬಳಿಗೆ ಹೋಗಿ ಉಗ್ರ ತಳಿಯ ರೋಪ್-೫ಅನ್ನು ತಾನೇ ತಬ್ಬಿಕೊಂಡುಬಿಡುತ್ತದೆ. ಹಿಡಿಯುವವನ ಕೈ ಹೀಗೆ ಸಿಕ್ಕಿಕೊಂಡ ಮೇಲೆ ಒತ್ತುವವನಿಗೆ ಬಲಿ ದೊರೆಯುವುದಿಲ್ಲ. ಉಳಿದ ಕಾವಲುಗಾರರು ನಿರಾತಂಕವಾಗಿ ಬಂದು ಗುಳ್ಳೆಯನ್ನು ಒಡೆಯುತ್ತಾರೆ. ಕಳ್ಳನು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೇ ತೂರಿದನು.

ಇದರಿಂದ ಹಳೆಯ ಸಂದೇಹಕ್ಕೆ ಹೊಸ ಬೆಳಕು ಬಿತ್ತು. ಇಂಥ ಗಟ್ಟಿ ಇಲಿಗಳಿರುವ ನಾಡಿನಲ್ಲಿ ಸೌಮ್ಯ ತಳಿಗೆ ಉಳಿಗಾಲವಿಲ್ಲ. ಗೂಡು ಕಟ್ಟುವ ಮುನ್ನವೇ ಅದು ಪೂರ್ತಿಯಾಗಿ ನಾಶವಾದೀತು. ಅಲ್ಲಿ ಬದುಕಿ ಬೆಕ್ಕನ್ನು ಸೇರಬೇಕಾದರೆ ಪರೋಪಜೀವಿಗೆ ಬಲವಾದ ಆಯುಧವೇ ಬೇಕು. ಅದೇ ಆಯುಧವನ್ನು ಹಿಡಿದು, ಎದುರಿಸುವ ಶಕ್ತಿ ಇಲ್ಲದ ಇಲಿಯ ಮೈಯನ್ನು ಹೊಕ್ಕಾಗ ಮಾತ್ರ ಅದು ಕೊಲೆಗಾರನಾಗುತ್ತದೆ. ಇದು ಹೋವರ್ಡ್ ಮತ್ತು ಅವರ ಸಹೋದ್ಯೋಗಿಗಳ ತರ್ಕ. 'ಉಗ್ರ ತಳಿ' ಎಂಬ ಮಾತು ಹಾಗಾದರೆ ಅರ್ಧ ಸತ್ಯ. ಉಗ್ರತೆ ಪರೋಪಜೀವಿಯ ಮೈಯಲ್ಲಿ ಮಾತ್ರ ಇರುವ ಗುಣವಲ್ಲ. ಅದು ಪರೋಪಜೀವಿಗೂ ಅದಕ್ಕೆ ಆಶ್ರಯ ಕೊಟ್ಟ ಜೀವಕ್ಕೂ ನಡುವೆ ಹುಟ್ಟುವ ಸಂಬಂಧ. ಬೀಗ ಯಾವುದೆಂದು ತಿಳಿಯದೆ ಕೀಲಿಕೈಯನ್ನು ಮಾತ್ರ ನೋಡಿ ಇದು ತೆರೆಯುತ್ತದೆ, ಇದು ತೆರೆಯದು ಎಂದು ಹೇಳಲಾದೀತೆ?

ಮನುಷ್ಯನ ಮಾತೇನು?

ಇಲಿಯ ಕಥೆ ಇಷ್ಟಾಯಿತು, ಮನೆಯ ಮಕ್ಕಳ ಗತಿಯೇನು ಎಂದು ಗೃಹಿಣಿಯರು ಕೇಳುವುದು ನ್ಯಾಯವಾಗಿದೆ. ಪ್ರಪಂಚದ ಜನರಲ್ಲಿ ಸುಮಾರು ಮೂರರಲ್ಲೊಂದು ಪಾಲಿನಷ್ಟು ಮಂದಿಯ ಮೈಯಲ್ಲಿ ಈ ಜೀವಿ ಅಡಗಿದೆಯೆಂಬ ಅಂದಾಜುಂಟು. ಅವರಲ್ಲಿ ಬಹುಪಾಲು ಜನರಿಗೆ ಅದರ ಅರಿವೇ ಇಲ್ಲ. ಆರೋಗ್ಯವಂತರ ದೇಹ ಅದನ್ನು ಗೂಡಿನಲ್ಲಿಯೇ ಅಡಗಿಸಿಡುತ್ತದೆ. ಆದರೆ ಗರ್ಭಿಣಿಗೆ ಆ ಅವಧಿಯಲ್ಲಿಯೇ ಮೊದಲ ಬಾರಿಗೆ ಸೋಂಕು ತಗುಲಿದರೆ ಮಗುವಿನ ಕಣ್ಣು, ಮಿದುಳುಗಳಿಗೆ ಅಪಾಯವುಂಟು. ರಕ್ಷಣಾಶಕ್ತಿ ಕುಂದಿದ ರೋಗಿಗಳಲ್ಲಿ ಮಲಗಿದ್ದ ಜೀವಿ ಮತ್ತೆ ಎದ್ದು ಮಿದುಳನ್ನು ಕೆಡಿಸಬಲ್ಲದು. ಏಡ್ಸ್ ರೋಗಿಗಳಲ್ಲಿ ಇದು ಅನೇಕರ ಪ್ರಾಣವನ್ನು ತೆಗೆದಿದೆ.

ಮನುಷ್ಯರಲ್ಲಿಯೂ ತಳಿಗಳ ಭೇದ ಲೆಕ್ಕಕ್ಕೆ ಬರುತ್ತದೆಯೆ? ಬರುವಂತೆ ತೋರುತ್ತದೆ. ಯೂರೋಪಿನಲ್ಲಿ ಮನುಷ್ಯರಿಗೆ ತಗುಲುವುದು ಬಹುಪಾಲು ಎರಡನೆಯ ತಳಿ. ದಕ್ಷಿಣ ಅಮೆರಿಕದಲ್ಲಿಯಾದರೋ ಈ ಮೂರು ಮನೆತನಗಳನ್ನು ಮೀರಿದ ನಾನಾ ತಳಿಗಳಿವೆ. ಸೋಂಕಿನೊಡನೆ ಹುಟ್ಟಿದ ಮಕ್ಕಳ ಕಣ್ಣಿನ ಬೇನೆ ಯೂರೋಪಿಗಿಂತ ಬ್ರೆಜಿಲಿನಲ್ಲಿ ಹೆಚ್ಚು ತೀವ್ರವೆಂದು ೨೦೦೮ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನ ತೋರಿಸಿತು. ಫ್ರೆಂಚ್ ಗಯಾನಾದ ಕಾಡುಗಳಲ್ಲಿ ಸುತ್ತುವ ತಳಿಗಳು, ಬೇರಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟಾದ ವಯಸ್ಕರನ್ನೂ ಹಾಸಿಗೆ ಹಿಡಿಸಿರುವುದುಂಟು.

ಆದರೂ ಇಲಿಯಲ್ಲಿ ಕಂಡದ್ದನ್ನು ಹಾಗೆಯೇ ಎತ್ತಿ ಮನುಷ್ಯನಿಗೆ ಅನ್ವಯಿಸಕೂಡದು. ಇಲಿಯ ಬಳಿ ಇರುವ ಐ.ಆರ್.ಜಿ. ಕಾವಲುಪಡೆ ಮನುಷ್ಯನ ಬಳಿ ಇಲ್ಲ. ವಿಕಾಸದ ದಾರಿಯಲ್ಲಿ ಅವನ ಪೂರ್ವಜರು ಅದನ್ನು ಹೆಚ್ಚುಕಡಿಮೆ ಕಳೆದುಕೊಂಡರು. ಅವನ ಜೀವಕೋಶಗಳು ಬೇರೆ ಉಪಾಯಗಳನ್ನು ಅವಲಂಬಿಸಿವೆ. ಪರೋಪಜೀವಿಗೆ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಕರಗಿಸಿ ಅದನ್ನು ಉಪವಾಸ ಕೆಡವುವುದು ಅಂಥ ಒಂದು ಉಪಾಯ. ಬೀಗವೇ ಬೇರೆಯಾದ ಮೇಲೆ ಕೀಲಿಕೈಯ ಲೆಕ್ಕವೂ ಬೇರೆಯಾಗುತ್ತದೆ. ಇಲಿಯ ಪಾಲಿಗೆ ಮಧ್ಯಮವಾದ ತಳಿಯೇ ಯೂರೋಪಿನ ತಾಯಂದಿರ ಕಣ್ಣೀರಿಗೆ ಹೆಚ್ಚಾಗಿ ಕಾರಣವಾಗಿರುವುದನ್ನು ನೋಡಿದರೆ ಈ ಎಚ್ಚರಿಕೆಯ ಅಗತ್ಯ ಮನವರಿಕೆಯಾಗುತ್ತದೆ.

ಬೆಕ್ಕಿನ ಮೇಲೆ ಮುನಿಯಬೇಡಿ

ಇದನ್ನೋದಿ ಮನೆಯ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ದೂರ ಬಿಟ್ಟುಬರುವ ಆತುರ ಯಾರಿಗೂ ಬೇಡ. ಬೆಕ್ಕು ತನ್ನ ಜೀವಮಾನದಲ್ಲಿ ಬೀಜಕೋಶಗಳನ್ನು ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸೋಂಕಿನ ಅನಂತರದ ಒಂದೆರಡು ವಾರ ಮಾತ್ರ. ಹೊರಬಿದ್ದ ಬೀಜಕೋಶವೂ ಒಡನೆಯೇ ಸೋಂಕು ಹಚ್ಚದು. ಪಕ್ವವಾಗಲು ಅದಕ್ಕೆ ಒಂದರಿಂದ ಐದು ದಿನ ಬೇಕು. ಆದುದರಿಂದ ಬೆಕ್ಕಿನ ಮಲವನ್ನು ದಿನವೂ ತೆಗೆದು ಶುಚಿಮಾಡಿದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಗರ್ಭಿಣಿಯರು ಆ ಕೆಲಸವನ್ನು ಮನೆಯ ಇತರರಿಗೆ ಬಿಡುವುದು ಲೇಸು. ಹಿತ್ತಲಿನ ಮಣ್ಣನ್ನು ಮುಟ್ಟಿದ ಮೇಲೆ ಕೈಯನ್ನು ಚೆನ್ನಾಗಿ ತೊಳೆಯಬೇಕು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳನ್ನು ತೊಳೆಯದೆ ಬಾಯಿಗಿಡಬಾರದು. ಮಾಂಸಾಹಾರಿಗಳು ಅರೆಬೆಂದ ಮಾಂಸವನ್ನು ವರ್ಜಿಸಬೇಕು. ಗೂಡು ಕಟ್ಟಿದ ಜೀವಿ ಮನುಷ್ಯನನ್ನು ಸೇರುವ ಮುಖ್ಯ ದಾರಿಗಳಲ್ಲಿ ಅದೊಂದು. ಗರ್ಭಿಣಿಗೆ ಸಂಶಯ ಬಂದರೆ ವೈದ್ಯರ ಬಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು. ಬೆಳೆಯುತ್ತಿರುವ ಜೀವಿಯನ್ನು ತಡೆಯುವ ಔಷಧಗಳುಂಟು. ಆದರೆ ಒಮ್ಮೆ ಕಟ್ಟಿದ ಗೂಡುಗಳನ್ನು ಬೇರುಸಹಿತ ತೆಗೆಯುವ ಔಷಧ ಮಾತ್ರ ಇನ್ನೂ ಕೈಗೆ ಬಂದಿಲ್ಲ.

ಅಂಥ ಔಷಧವನ್ನು ಅರಸುವವರು ಪರೋಪಜೀವಿಯ ಕೈನೇಸುಗಳ ಮೇಲೂ ಕಣ್ಣಿಟ್ಟಿದ್ದಾರೆ. ಮೊಹರೊತ್ತುವ ಕೈಯನ್ನು ಹಿಡಿದು ನಿಲ್ಲಿಸುವ ಅಣುವೊಂದು ದೊರೆತರೆ ಪ್ರಯೋಜನವಾಗಬಹುದೆಂಬುದು ಅವರ ಆಸೆ. ಯಾರ ಕೈಯನ್ನು, ಯಾವಾಗ, ಹೇಗೆ ಹಿಡಿಯಬೇಕೆಂಬ ವಿದ್ಯೆ ಮಸಿನಗುಡಿಯ ಕಾಳಿನ ಕಣಜದ ಸುತ್ತ ಸುಳಿದಾಡುವ ಪುಟ್ಟ ಇಲಿಗೆ ಎಂದೋ ಸಿದ್ಧಿಸಿತ್ತು. ಸಿನ್ಸಿನಾಟಿಯ ಬಾಲಕನ ಹೆಸರನ್ನು ಹೊತ್ತ ತಳಿಯಾದರೋ ಪ್ರಯೋಗಶಾಲೆಗಳಲ್ಲಿ ಇಲಿಯಿಂದ ಇಲಿಗೆ, ಗಾಜಿನಿಂದ ಗಾಜಿಗೆ ದಾಟುತ್ತಲೇ ಬಾಳಿ, ಬೆಕ್ಕಿನ ಕರುಳಿನಲ್ಲಿ ಬೀಜಕೋಶಗಳನ್ನು ಹುಟ್ಟಿಸುವ ಶಕ್ತಿಯನ್ನೇ ಕಳೆದುಕೊಂಡಿದೆ. ಎಲ್ಲರನ್ನೂ ಗೆದ್ದ ಉಗ್ರ ತಳಿಗೆ ತವರಿಗೆ ಮರಳುವ ದಾರಿಯೇ ಮರೆತುಹೋಗಿದೆ.